ಸಮಾಧಾನ ಹೇಳದ ಸಂಗೀತ ಸಮಾಧಾನ ಕೊಡುವುದು ಹೇಗೆ?

ಪ್ರಶ್ನೆ: ನನಗೆ 24 ವರ್ಷ. ಊರು ಶಿವಮೊಗ್ಗದ ಹತ್ತಿರ, ಕೆಲಸ ಬೆಂಗಳೂರಿನಲ್ಲಿ. ಮೊದಲು ಹೆವಿ ಮೆಟಲ್ ಕೇಳುತ್ತಿದ್ದೆ. ಈಗ ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಅಟ್ಮಾಸ್ಫಿಯರಿಕ್ ಬ್ಲ್ಯಾಕ್ ಮೆಟಲ್, ಡಿಪ್ರೆಸಿವ್ ಬ್ಲ್ಯಾಕ್ ಮೆಟಲ್ ಕೇಳುವುದೇ ಜಾಸ್ತಿ. ಪಿಜಿಯಲ್ಲಿ ಜೊತೆಗಿರುವವನು ‘ಬರೀ ಗಲಾಟೆ’ ಎನ್ನುತ್ತಾನೆ. ಅಕ್ಕನಿಗೆ ಆ ಹೆಸರು ಕೇಳಿದರೇ ಭಯ. ಆದರೆ ಕೇಳಿ ಮುಗಿಸಿದ ಮೇಲೆ ನನಗೆ ಮನಸ್ಸು ಹಗುರ ಆಗುತ್ತದೆ, ಚೆನ್ನಾಗಿ ನಿದ್ದೆ ಬರುತ್ತದೆ. ಇಷ್ಟು ದುಃಖದ ಸಂಗೀತದಿಂದ ಹೀಗಾಗುವುದು ಹೇಗೆ? ನನ್ನಲ್ಲೇ ಏನಾದರೂ ತೊಂದರೆ ಇದೆಯಾ? ಅಕ್ಕನಿಗೆ ಏನು ಹೇಳಲಿ?

ಉತ್ತರ: ಮೊದಲು ನಿಮ್ಮ ಎರಡನೇ ಪ್ರಶ್ನೆ. ಈ ಸಂಗೀತ ಇಷ್ಟ ಎಂಬ ಒಂದೇ ಕಾರಣಕ್ಕೆ ನಿಮ್ಮಲ್ಲಿ ತೊಂದರೆ ಇದೆ ಎಂದು ಯಾರೂ ಹೇಳಲು ಬರುವುದಿಲ್ಲ. ನೀವು ಹೇಳುವ ಆ ಹಗುರ ನಿಜವಾದದ್ದೇ. ನಿಮ್ಮ ಥರ ಕೇಳುವ ಸಾವಿರಾರು ಜನ ಅದನ್ನೇ ಹೇಳುತ್ತಾರೆ. ಗಮನ ಇಡಬೇಕಾದ ಒಂದೆರಡು ಸಂಗತಿಗಳೂ ಇವೆ, ಅವನ್ನು ಕೊನೆಗೆ ಹೇಳುತ್ತೇನೆ. ಇಂಥ ಪ್ರಶ್ನೆ ಬಂದಾಗ ಹೆಚ್ಚಿನವರು ನೇರ ಮನಶ್ಶಾಸ್ತ್ರಕ್ಕೆ ಹೋಗಿಬಿಡುತ್ತಾರೆ, ಸಂಗೀತ ಅಲ್ಲೇ ಉಳಿದುಬಿಡುತ್ತದೆ. ನಾವು ಸಂಗೀತದಿಂದಲೇ ಶುರು ಮಾಡೋಣ. ನಿಮಗೆ ಬೇಕಾದ ಉತ್ತರದ ಮುಕ್ಕಾಲು ಪಾಲು ಅಲ್ಲೇ ಇದೆ. ಹೊಸಬರಿಗಾಗಿ ಒಂದು ಮಾತು: ಬ್ಲ್ಯಾಕ್ ಮೆಟಲ್ ಅಂದರೆ ಹೆವಿ ಮೆಟಲ್ ಎಂಬ ಬಿರುಸಿನ ಗಿಟಾರ್ ಸಂಗೀತದ ಇನ್ನೂ ಒರಟಾದ, ಕಿರುಚು ದನಿಯ ಕವಲು.

ಯಾವುದಾದರೂ ಸಿನಿಮಾ ಹಾಡು ಕೇಳಿ. ಹಾಡುವವರ ದನಿ ಎಲ್ಲಕ್ಕಿಂತ ಮುಂದೆ ಇರುತ್ತದೆ. ವಾದ್ಯಗಳೆಲ್ಲ ಹಿಂದೆ. ಅವರು ಉಸಿರು ಎಳೆದುಕೊಳ್ಳುವುದೂ ಕೇಳಿಸುತ್ತದೆ. ಹಾಡು ಅಂದರೆ ಒಬ್ಬ ಮನುಷ್ಯ ನಮ್ಮ ಕಿವಿಯ ಹತ್ತಿರ ಬಂದು ಏನೋ ಹೇಳುವುದು ಅಂತಲೇ ನಾವು ಅಂದುಕೊಂಡಿದ್ದೇವೆ. ನೀವು ಕೇಳುವ ಸಂಗೀತದಲ್ಲಿ ಇದು ತಲೆಕೆಳಗು. ಮುಂದೆ ಇರುವುದು ಗಿಟಾರ್‌ಗಳ ಒಂದು ದಪ್ಪ ಪದರ. ದನಿ ಅದರ ಹಿಂದೆ, ರಿವರ್ಬ್ ಎಂಬ ಮಾರ್ದನಿಯಲ್ಲಿ ಮುಳುಗಿ, ಎಲ್ಲೋ ದೂರದಿಂದ ಬರುತ್ತದೆ. ಅಲ್ಲಿ ಮನುಷ್ಯ ಇದ್ದಾನೆ. ಆದರೆ ಚಿಕ್ಕವನಾಗಿದ್ದಾನೆ. ಅವನ ಸುತ್ತ ಇರುವುದು ಅವನಿಗಿಂತ ತುಂಬ ದೊಡ್ಡದು.

ಈ ಸಂಗೀತದ ಸೆಳೆತದ ಬೇರು ಇಲ್ಲೇ ಇದೆ ಎಂಬುದು ನನ್ನ ನಂಬಿಕೆ. ದುಃಖದಲ್ಲಿದ್ದಾಗ ‘ನಾನು’ ಅನ್ನುವುದು ಊದಿಕೊಳ್ಳುತ್ತದೆ. ನನಗೇ ಯಾಕೆ ಹೀಗೆ, ನಾನು ಮಾಡಿದ್ದೇನು, ನನ್ನ ಗತಿ ಏನು. ತಲೆಯಲ್ಲಿ ಬೇರೆ ಯಾವುದಕ್ಕೂ ಜಾಗ ಇರುವುದಿಲ್ಲ. ದನಿಯನ್ನು ಇಷ್ಟು ಚಿಕ್ಕದು ಮಾಡಿ ಅದರ ಸುತ್ತ ಇಷ್ಟು ದೊಡ್ಡ ಶಬ್ದ ಕಟ್ಟಿದಾಗ, ಕೇಳುವವನ ‘ನಾನು’ ಕೂಡ ಅಷ್ಟು ಹೊತ್ತು ಚಿಕ್ಕದಾಗುತ್ತದೆ. ದುಃಖ ಎಲ್ಲೂ ಹೋಗುವುದಿಲ್ಲ. ಅದಕ್ಕೆ ಕಾಲು ಚಾಚಿ ಇರಲು ಜಾಗ ಸಿಗುತ್ತದೆ, ಅಷ್ಟೇ. ನೀವು ಹಗುರ ಅಂತ ಕರೆಯುವುದು ಇದನ್ನೇ ಇರಬೇಕು.

ಇನ್ನು ಸ್ವರಗಳ ಮಾತು. ನೀವು ಮೊದಲು ಕೇಳುತ್ತಿದ್ದ ಹೆವಿ ಮೆಟಲ್‌ನ ಜೀವಾಳ ಪವರ್ ಕಾರ್ಡ್ ಎಂಬ, ಒಟ್ಟಿಗೆ ನುಡಿಸುವ ಸ್ವರಗಳ ಗುಂಪು. ಅದರಲ್ಲಿ ಷಡ್ಜ, ಪಂಚಮ ಎರಡೇ. ಗಾಂಧಾರ ಇಲ್ಲ. ಗಾಂಧಾರ ಇಲ್ಲದಿದ್ದರೆ ಖುಷಿಯೋ ಬೇಸರವೋ ಅಂತ ಹೇಳುವುದಕ್ಕೆ ಆಗುವುದಿಲ್ಲ. ಬರೀ ಗಟ್ಟಿತನ. ಅದಕ್ಕೇ ಅದನ್ನು ಕೇಳಿದರೆ ಎದೆ ಉಬ್ಬುತ್ತದೆ. 1990ರ ದಶಕದ ಶುರುವಿನಲ್ಲಿ ಬ್ಲ್ಯಾಕ್ ಮೆಟಲ್ ನುಡಿಸುತ್ತಿದ್ದ ನಾರ್ವೆಯ ಕೆಲವು ಹುಡುಗರು ಆ ಗಾಂಧಾರವನ್ನು ಒಳಗೆ ತಂದರು. ಅದೂ ಕೋಮಲ ಗಾಂಧಾರ. ಕರ್ನಾಟಕ ಸಂಗೀತ ಕಲಿತವರು ಸಾಧಾರಣ ಗಾಂಧಾರ ಎಂದುಕೊಳ್ಳಿ. ಮೇಹೆಮ್ ತಂಡದ ಯೂರೊನಿಮಸ್ ಮತ್ತು ಥಾರ್ನ್ಸ್ ತಂಡದ ಸ್ನೊರೆ ರೂಕ್ ಈ ಶೈಲಿಯನ್ನು ರೂಢಿಗೆ ತಂದವರು ಎಂದು ಹೇಳುವುದುಂಟು. ಇಡೀ ಮೈನರ್ ಕಾರ್ಡನ್ನು, ಅಂದರೆ ಷಡ್ಜ, ಕೋಮಲ ಗಾಂಧಾರ, ಪಂಚಮ ಮೂರನ್ನೂ ಒಟ್ಟಿಗೆ, ಡಿಸ್ಟಾರ್ಷನ್ (ಗಿಟಾರ್ ಶಬ್ದವನ್ನು ಬೇಕೆಂದೇ ಒಡೆದು ಒರಟಾಗಿಸುವುದು) ಮೂಲಕ ನುಡಿಸಿದರೆ ಸ್ವರಗಳು ಒಂದಕ್ಕೊಂದು ಉಜ್ಜಿಕೊಳ್ಳುತ್ತವೆ, ಶಬ್ದದ ಒಳಗೇ ಒಂದು ನಡುಕ ಹುಟ್ಟುತ್ತದೆ. ಹೆವಿ ಮೆಟಲ್‌ನವರು ಇದು ಗಲೀಜಾಗುತ್ತದೆ ಅಂತ ದೂರ ಇಡುತ್ತಿದ್ದರು. ಇವರಿಗೆ ಬೇಕಾದದ್ದೇ ಆ ಗಲೀಜು.

ಆಮೇಲೆ ಇನ್ನೊಂದು ಕೆಲಸ ಮಾಡಿದರು. ಒಂದು ಮೈನರ್ ಕಾರ್ಡ್‌ನಿಂದ ಅದಕ್ಕೆ ನಂಟೇ ಇಲ್ಲದ ಇನ್ನೊಂದು ಮೈನರ್ ಕಾರ್ಡ್‌ಗೆ ಜಾರುವುದು. ನಮ್ಮ ಕಿವಿ ಎಷ್ಟು ಅಲೆದಾಡಿದರೂ ಕೊನೆಗೆ ಷಡ್ಜಕ್ಕೆ ಬಂದು ನಿಲ್ಲುವುದನ್ನು ಕಾಯುತ್ತದೆ. ಇಲ್ಲಿ ಎಷ್ಟೋ ಸಲ ಅದು ಸಿಗುವುದೇ ಇಲ್ಲ. ರಿಫ್, ಅಂದರೆ ಗಿಟಾರ್‌ನಲ್ಲಿ ಮತ್ತೆ ಮತ್ತೆ ಬರುವ ಸ್ವರಗಳ ಸಾಲು, ಅರ್ಧಕ್ಕೆ ನಿಂತ ಹಾಗೆ ನಿಂತು ಮತ್ತೆ ಮೊದಲಿನಿಂದ ಶುರುವಾಗುತ್ತದೆ. ‘ಎಲ್ಲ ಸರಿಹೋಗುತ್ತೆ ಬಿಡು’ ಎಂದು ಯಾರೂ ಹೇಳುವುದಿಲ್ಲ. ಮನಸ್ಸು ಕೆಟ್ಟಿರುವಾಗ ಆ ಮಾತು ಎಷ್ಟು ಕಿರಿಕಿರಿ ಮಾಡುತ್ತದೆ ಎಂಬುದು ನಿಮಗೂ ಗೊತ್ತಿರುತ್ತದೆ, ಅಲ್ವಾ? ಈ ಸಂಗೀತದ ಮರ್ಯಾದೆ ಅಂದರೆ ಅದೇ. ಸುಳ್ಳು ಭರವಸೆ ಕೊಡುವುದಿಲ್ಲ.

ಒಂದೇ ಒಂದು ಹಾಡನ್ನು ಹತ್ತಿರದಿಂದ ನೋಡೋಣ. ನಾರ್ವೆಯ ಡಾರ್ಕ್‌ಥ್ರೋನ್ ತಂಡದ ‘ಟ್ರಾನ್ಸಿಲ್ವೇನಿಯನ್ ಹಂಗರ್’, 1994ರ ಇದೇ ಹೆಸರಿನ ಆಲ್ಬಂನದ್ದು. ಡ್ರಮ್, ಗಿಟಾರ್, ಬೇಸ್ ಮೂರನ್ನೂ ನುಡಿಸಿದವನು ಫೆನ್‌ರಿಜ್ ಒಬ್ಬನೇ. ತನ್ನದೇ ನಾಲ್ಕು ಟ್ರ್ಯಾಕ್‌ನ ಪುಟ್ಟ ಕ್ಯಾಸೆಟ್ ಯಂತ್ರದಲ್ಲಿ ರೆಕಾರ್ಡ್ ಮಾಡಿಕೊಂಡ. ದನಿ ಇನ್ನೊಬ್ಬ ಸದಸ್ಯ ನೊಕ್ಟರ್ನೊ ಕುಲ್ಟೊನದ್ದು. ಶೀರ್ಷಿಕೆ ಹಾಡು ಆರು ನಿಮಿಷಕ್ಕೆ ಸ್ವಲ್ಪ ಜಾಸ್ತಿ. ಡ್ರಮ್ ಶುರುವಾದ ವೇಗದಲ್ಲೇ ಕೊನೆಯವರೆಗೆ ಹೋಗುತ್ತದೆ, ಬದಲಾಗುವುದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಗಿಟಾರ್‌ನಲ್ಲಿ ಬೆರಳೆಣಿಕೆಯ ರಿಫ್‌ಗಳು, ಅವೇ ಸುತ್ತಿ ಸುತ್ತಿ ಬರುತ್ತವೆ. ಬಲಗೈ ಒಂದೇ ತಂತಿಯನ್ನು ಮೇಲೆ ಕೆಳಗೆ ಪುಂಖಾನುಪುಂಖವಾಗಿ ಮೀಟುತ್ತಲೇ ಇರುತ್ತದೆ. ಇದಕ್ಕೆ ಟ್ರೆಮೊಲೊ ಪಿಕಿಂಗ್ ಎನ್ನುತ್ತಾರೆ.

ಮೊದಲ ನಿಮಿಷ ನಿಮಗೆ ಕೇಳಿಸುವುದು ವೇಗ. ಎರಡನೇ ನಿಮಿಷದ ಹೊತ್ತಿಗೆ ಕಿವಿ ಆ ವೇಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನೇ ಬಿಡುತ್ತದೆ. ಡ್ರಮ್ ಹಿಂದಕ್ಕೆ ಸರಿದು ಒಂದು ಹಾಸಿನ ಹಾಗೆ ಆಗುತ್ತದೆ. ಈಗ ಅದರ ಮೇಲೆ ನಿಧಾನವಾಗಿ, ತುಂಬ ನಿಧಾನವಾಗಿ ಸಾಗುವ ಒಂದು ರಾಗ ಕೇಳಿಸತೊಡಗುತ್ತದೆ. ಕೈ ಸೆಕೆಂಡಿಗೆ ಹತ್ತಾರು ಸಲ ಮೀಟುತ್ತಿದೆ, ಆದರೆ ಸ್ವರ ಬದಲಾಗುವುದು ಆರಾಮಾಗಿ. ಹೊರಗೆ ಬಿರುಸು, ಒಳಗೆ ವಿಳಂಬ. ಎರಡೂ ಒಟ್ಟಿಗೆ. ಬ್ಲ್ಯಾಕ್ ಮೆಟಲ್ ಒಗ್ಗಿದ ಕಿವಿಗೂ ಒಗ್ಗದ ಕಿವಿಗೂ ಇರುವ ವ್ಯತ್ಯಾಸ ಇಷ್ಟೇ: ಒಂದು ಆ ಬಿರುಸಿನಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ, ಇನ್ನೊಂದು ಅದನ್ನು ದಾಟಿ ಒಳಗಿನ ರಾಗ ಹಿಡಿಯುತ್ತದೆ. ನಿಮ್ಮ ಪಿಜಿ ಗೆಳೆಯ ಇನ್ನೂ ಹೊರಗೆ ನಿಂತಿದ್ದಾನೆ. ಅವನ ತಪ್ಪೇನಿಲ್ಲ.

ಈ ಕಚ್ಚಾ ರೆಕಾರ್ಡಿಂಗ್ ಬಗ್ಗೆಯೂ ಒಂದು ಮಾತು ಹೇಳಬೇಕು. ಬರ್ಜಮ್ ಹೆಸರಿನಲ್ಲಿ ನಾರ್ವೆಯ ವಾರ್ಗ್ ವಿಕರ್ನೆಸ್ ಒಬ್ಬನೇ ಮಾಡಿದ ‘ಫಿಲೊಸೊಫೆಮ್’ ಆಲ್ಬಂ 1993ರಲ್ಲಿ ರೆಕಾರ್ಡ್ ಆಗಿ 1996ರಲ್ಲಿ ಹೊರಬಂತು. ಡಿಪ್ರೆಸಿವ್, ಅಟ್ಮಾಸ್ಫಿಯರಿಕ್ ಎರಡೂ ಕವಲುಗಳ ಮೇಲೆ ಅದರಷ್ಟು ಪ್ರಭಾವ ಬೀರಿದ ಆಲ್ಬಂ ಇನ್ನೊಂದಿಲ್ಲ. ಗಿಟಾರನ್ನು ಗಿಟಾರ್ ಆಂಪ್ಲಿಫೈಯರ್‌ಗೆ ಹಾಕದೆ ಮನೆಯ ಸ್ಟೀರಿಯೊಗೆ ಹಾಕಿದ್ದು, ಹಾಡುವುದಕ್ಕೆ ಸಿಕ್ಕಿದ್ದರಲ್ಲೇ ಅತ್ಯಂತ ಕಳಪೆ ಮೈಕ್ ಬೇಕೆಂದು ಕೇಳಿ ಹೆಡ್‌ಸೆಟ್ ಮೈಕ್ ಬಳಸಿದ್ದು, ಇವನ್ನೆಲ್ಲ ಆತನೇ ಹೇಳಿಕೊಂಡಿದ್ದಾನೆ. ಫಲಿತಾಂಶ ಒಂದು ಝೇಂಕಾರ. ನಮಗೆ ಇದು ತೀರಾ ಹೊಸದಾಗಬೇಕಿಲ್ಲ. ತಂಬೂರಿಯ ಹತ್ತಿರ ಕೂತು ಕೇಳಿದರೆ ಮೀಟಿದ ಸ್ವರದ ಮೇಲೆ ಮೀಟದ ಸ್ವರಗಳೂ ಹುಟ್ಟಿಕೊಳ್ಳುವುದು ಕೇಳಿಸುತ್ತದೆ. ಜೀವಾಳಿ ಎಂಬ ನೂಲು ಇಡುವುದೇ ಆ ಝೇಂಕಾರಕ್ಕೆ. ಡಿಸ್ಟಾರ್ಷನ್ ಮಾಡುವ ಕೆಲಸವೂ ಅದೇ ಜಾತಿಯದು, ಸಾಕಷ್ಟು ಒರಟಾಗಿ. ಬಾರಿಸದ ಸ್ವರಗಳು ಆ ಝೇಂಕಾರದಲ್ಲಿ ತೇಲುತ್ತವೆ. ಕೇಳುವವರು ‘ಅಲ್ಲೊಂದು ಕೋರಸ್ ಇದೆ’ ಎನ್ನುತ್ತಾರೆ. ಕೋರಸ್ ಇರುವುದಿಲ್ಲ. ಕಿವಿ ತಾನೇ ಕಟ್ಟಿಕೊಂಡಿರುತ್ತದೆ. ಶಬ್ದ ಸ್ವಚ್ಛವಾಗಿದ್ದರೆ ಎಲ್ಲವೂ ಕೈಗೆ ಸಿಕ್ಕಿಬಿಡುತ್ತದೆ. ಮಸುಕಾಗಿದ್ದಾಗ ಅರ್ಧ ನಾವೇ ತುಂಬಬೇಕು. ಹಾಗೆ ತುಂಬುವಾಗ ನಮ್ಮದೇ ನೆನಪು, ನಮ್ಮದೇ ಕೊರಗು ಒಳಗೆ ಹೋಗುತ್ತವೆ.

ಬರ್ಜಮ್ ಹೆಸರು ಎತ್ತಿದ ಮೇಲೆ ಇದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಅದರ ಹಿಂದಿರುವ ವಾರ್ಗ್ ವಿಕರ್ನೆಸ್ 1993ರ ಆಗಸ್ಟ್‌ನಲ್ಲಿ ಯೂರೊನಿಮಸ್‌ನನ್ನು ಕೊಂದವನು. ಆ ಕೊಲೆಗೂ ಕೆಲವು ಚರ್ಚ್‌ಗಳಿಗೆ ಬೆಂಕಿ ಇಟ್ಟಿದ್ದಕ್ಕೂ ಸೇರಿ 1994ರಲ್ಲಿ 21 ವರ್ಷ ಶಿಕ್ಷೆ ಆಯಿತು, 2009ರಲ್ಲಿ ಹೊರಬಂದ. ಆತನ ಜನಾಂಗ ದ್ವೇಷದ ಮಾತುಗಳು ಗುಟ್ಟೇನಲ್ಲ. ಡಾರ್ಕ್‌ಥ್ರೋನ್‌ನ ಆ ಆಲ್ಬಂನ ಮೊದಲ ಮುದ್ರಣದ ಹಿಂಬದಿಯಲ್ಲೂ ಆರ್ಯ ಹೆಮ್ಮೆಯ ಒಂದು ಸಾಲು ಇತ್ತು, ಮುಂದಿನ ಮುದ್ರಣಗಳಲ್ಲಿ ತೆಗೆದರು. ಇಂದಿಗೂ ಈ ವಲಯದಲ್ಲಿ ನಾಜಿ ವಿಚಾರದ ತಂಡಗಳಿವೆ. ಹೊಸ ತಂಡ ಕೇಳುವ ಮೊದಲು ಐದು ನಿಮಿಷ ಅದರ ಹಿನ್ನೆಲೆ ನೋಡಿಕೊಳ್ಳಿ. ಹಣ ಯಾರ ಕೈಗೆ ಹೋಗುತ್ತದೆ ಎಂಬುದು ಕೇಳುಗರಾದ ನಮ್ಮ ಜವಾಬ್ದಾರಿಯೂ ಹೌದು. ಒಳ್ಳೆಯ ಸಂಗೀತ ಮಾಡುವ, ಇಂಥ ಕೊಳೆ ಇಲ್ಲದ ತಂಡಗಳು ಬೇಕಾದಷ್ಟಿವೆ.

ನೀವು ಎರಡು ಹೆಸರು ಒಟ್ಟಿಗೆ ಬರೆದಿದ್ದೀರಿ. ಎರಡೂ ಒಂದೇ ಬುಡದಿಂದ ಬಂದರೂ ಮುಖ ಮಾಡಿದ ದಿಕ್ಕು ಬೇರೆ. ಡಿಪ್ರೆಸಿವ್ ಬ್ಲ್ಯಾಕ್ ಮೆಟಲ್ ಒಳಮುಖ. ಬಾಗಿಲು ಹಾಕಿದ ಕೋಣೆ. ನಾರ್ವೆಯ ಸ್ಟ್ರಿಡ್ ತಂಡದ 1993ರ ಡೆಮೊ ಇದರ ಮೊದಲ ಮಾದರಿಗಳಲ್ಲಿ ಒಂದು. ವೇಗ ಇಳಿಯಿತು, ರಿಫ್ ಇನ್ನೂ ನಿಧಾನವಾಯಿತು. ಜರ್ಮನಿಯ ಬೆಥ್ಲೆಹೆಮ್ ತಂಡದ 1996ರ ಆಲ್ಬಂನಲ್ಲಿ ರೈನರ್ ಲ್ಯಾಂಡ್‌ಫರ್ಮನ್ ಕಿರುಚಿದ ಪರಿಯನ್ನು ಇಂದಿಗೂ ಹಲವರು ಅನುಕರಿಸುತ್ತಾರೆ. ಮೊದಲ ಸಲ ಕೇಳಿದವರಿಗೆ ನಿಜಕ್ಕೂ ಹೆದರಿಕೆ ಆಗುತ್ತದೆ.

ಅಟ್ಮಾಸ್ಫಿಯರಿಕ್ ಬ್ಲ್ಯಾಕ್ ಮೆಟಲ್ ಹೊರಮುಖ. ಕಾಡು, ಬೆಟ್ಟ, ಹಿಮ, ಹಳೆಯ ಕಾಲ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಒಲಿಂಪಿಯಾದಲ್ಲಿರುವ ವುಲ್ವ್ಸ್ ಇನ್ ದ ಥ್ರೋನ್ ರೂಮ್ ತಂಡದ ವೀವರ್ ಸಹೋದರರು ತಮ್ಮ ಸುತ್ತಲಿನ ಮಳೆಕಾಡನ್ನೇ ಸಂಗೀತಕ್ಕೆ ತಂದರು. 2007ರ ‘ಟು ಹಂಟರ್ಸ್’ ಆಲ್ಬಂನ ಕೊನೆಯ ಹಾಡು 18 ನಿಮಿಷದ್ದು. ಅದರಲ್ಲಿ ಜೆಸಿಕಾ ಕೆನ್ನಿ ಎಂಬ ಗಾಯಕಿಯ ತಿಳಿಯಾದ ದನಿ ಬರುವ ಹೊತ್ತಿಗೆ ಅಷ್ಟೂ ಹೊತ್ತಿನ ಬಿರುಸು ಯಾಕೆ ಬೇಕಿತ್ತು ಎಂಬುದು ತಿಳಿಯುತ್ತದೆ. ಉಕ್ರೇನಿನ ಡ್ರೂಡ್ಖ್ ತಂಡ ತಾರಾಸ್ ಶೆವ್‌ಚೆಂಕೊನಂಥ ಕವಿಗಳ ಪದ್ಯಗಳಿಗೆ ಸಂಗೀತ ಹಾಕಿತು. ನನಗೆ ತುಂಬ ಹತ್ತಿರದ್ದು ಪ್ಯಾನಾಪ್ಟಿಕಾನ್. ಆಸ್ಟಿನ್ ಲನ್ ಎಂಬಾತ ಒಬ್ಬನೇ ನಡೆಸುವ ಈ ತಂಡದ 2012ರ ‘ಕೆಂಟಕಿ’ ಆಲ್ಬಂ ಅಲ್ಲಿನ ಕಲ್ಲಿದ್ದಲು ಗಣಿ ಕಾರ್ಮಿಕರ ಬಗ್ಗೆ. ಬ್ಯಾಂಜೊ, ಪಿಟೀಲು, ಕಾರ್ಮಿಕ ಸಂಘದ ಹಳೆಯ ಹಾಡು, ನಡುವೆ ಇದ್ದಕ್ಕಿದ್ದಂತೆ ಬಿರುಗಾಳಿಯಂಥ ಬ್ಲ್ಯಾಕ್ ಮೆಟಲ್. ಅಗೆದುಹೋದ ಬೆಟ್ಟ ನೋಡಿದ ಯಾರಿಗಾದರೂ, ನಮ್ಮ ಸಂಡೂರು ಕಡೆಯವರಿಗೂ, ಆ ಸಿಟ್ಟು ಬೇಸರ ಎರಡೂ ಅರ್ಥವಾಗುತ್ತವೆ.

ಇದೆಲ್ಲ ಚಳಿ ದೇಶದವರ ಸಂಕಟ, ಬಿಸಿಲು ಕಾಣದವರ ಹಾಡು ಎಂದು ಹೇಳುವುದನ್ನು ನೀವು ಕೇಳಿರಬಹುದು. ಅರ್ಧ ಮಾತ್ರ ಸರಿ. ಡಿಪ್ರೆಸಿವ್ ಬ್ಲ್ಯಾಕ್ ಮೆಟಲ್‌ನಲ್ಲಿ ದೊಡ್ಡ ಹೆಸರಾದ ಝ್ಯಾಸ್ಥರ್ ಬಂದದ್ದು ಲಾಸ್ ಏಂಜಲಿಸ್ ಪಕ್ಕದ ಅಲ್ಹಾಂಬ್ರದಿಂದ. ಅಲ್ಲಿ ವರ್ಷದ ಬಹುಪಾಲು ಬಿಸಿಲೇ. ಥೈ ಲೈಟ್ ತಂಡ ಬ್ರೆಜಿಲ್‌ನದ್ದು, ಆಸ್ಟಿಯರ್ ಆಸ್ಟ್ರೇಲಿಯಾದ್ದು. ಹಿಮ ಇಲ್ಲಿ ಒಂದು ಭಾಷೆ ಅಷ್ಟೇ. ಒಂಟಿತನ ಎಲ್ಲ ಹವಾಮಾನದಲ್ಲೂ ಇರುತ್ತದೆ.

ಒಂಟಿತನದ ಮಾತು ಬಂತಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬೇರೆ ರಾಕ್ ಸಂಗೀತ ಹುಟ್ಟುವುದು ನಾಲ್ಕೈದು ಜನ ಒಂದು ಕೋಣೆಯಲ್ಲಿ ಸೇರಿದಾಗ. ಈ ಪ್ರಕಾರದಲ್ಲಿ ಒಬ್ಬರೇ ಇರುವ ತಂಡಗಳು ಎಷ್ಟೊಂದು! ಝ್ಯಾಸ್ಥರ್ ಅಂದರೆ ಸ್ಕಾಟ್ ಕಾನರ್ ಒಬ್ಬರೇ. ಸ್ಯಾನ್ ಫ್ರಾನ್ಸಿಸ್ಕೊದ ಲೆವಯಥನ್, ಸ್ವಿಟ್ಜರ್ಲೆಂಡಿನ ಪೇಸಾಜ್ ದಿವೇರ್, ಎಲ್ಲ ಹಾಗೆಯೇ. ಒಂದೊಂದೇ ವಾದ್ಯ, ಒಂದರ ಮೇಲೊಂದು ಪದರ, ಎಷ್ಟೋ ಸಲ ಮನೆಯಲ್ಲೇ ರೆಕಾರ್ಡಿಂಗ್. ಇವರಲ್ಲಿ ಹಲವರು ವೇದಿಕೆ ಹತ್ತಿದ್ದು ಕಡಿಮೆ. ಕೇಳುವವರೂ ನಿಮ್ಮ ಹಾಗೆ ಒಬ್ಬರೇ, ರಾತ್ರಿ, ಹೆಡ್‌ಫೋನಿನಲ್ಲಿ. ಒಬ್ಬನ ಕೋಣೆಯಿಂದ ಇನ್ನೊಬ್ಬನ ಕೋಣೆಗೆ ನೇರ ದಾರಿ. ನಡುವೆ ಚಪ್ಪಾಳೆ ಇಲ್ಲ, ಕುಣಿತ ಇಲ್ಲ. ನಾನು ಒಬ್ಬನೇ ಹೀಗಿಲ್ಲ ಎಂಬ ಅರಿವು ಸಿಗುತ್ತದೆ, ಅದಕ್ಕಾಗಿ ಯಾರ ಜೊತೆಗೂ ಮಾತಾಡಬೇಕಾಗಿಲ್ಲ. ಜನರ ನಡುವೆ ಸುಸ್ತಾಗುವವರಿಗೆ ಇದು ದೊಡ್ಡ ಉಪಕಾರ. ಅಂದ ಹಾಗೆ, ಕಾನರ್ 2010ರಲ್ಲಿ ಆ ಶೈಲಿಯನ್ನು ನಿಲ್ಲಿಸಿ ಆಮೇಲೆ ಅಕೂಸ್ಟಿಕ್ ಗಿಟಾರ್‌ನ ಕಡೆ ಹೊರಳಿದರು. ಒಂದೇ ಕೋಣೆಯಲ್ಲಿ ಜೀವಮಾನವಿಡೀ ಇರಬೇಕಾಗಿಲ್ಲ ಎಂಬುದಕ್ಕೆ ಅವರೇ ಸಾಕ್ಷಿ.

ಈಗ ಕಿರುಚಾಟ. ನಿಮ್ಮ ಅಕ್ಕನಿಗೆ ಭಯ ಆಗುವುದೂ ಇದರಿಂದಲೇ ಇರಬೇಕು. ಆ ಭಯಕ್ಕೆ ಕಾರಣ ನಮ್ಮ ಕಿವಿಯಲ್ಲೇ ಇದೆ. 2015ರಲ್ಲಿ ಲ್ಯೂಕ್ ಆರ್ನಲ್ ಮತ್ತು ಸಂಗಡಿಗರು ಮನುಷ್ಯರ ಕಿರುಚನ್ನು ಅಳೆದು ನೋಡಿದರು. ಮಾಮೂಲಿ ಮಾತಿನಲ್ಲಿ ಶಬ್ದದ ಜೋರು ಸೆಕೆಂಡಿಗೆ ನಾಲ್ಕೈದು ಸಲ ಏರಿಳಿಯುತ್ತದೆ. ಕಿರುಚಿನಲ್ಲಿ ಅದು ಸೆಕೆಂಡಿಗೆ 30ರಿಂದ 150 ಸಲ. ಈ ಒರಟುತನ ಕೇಳಿದ ತಕ್ಷಣ ಮಿದುಳಿನಲ್ಲಿ ಅಪಾಯವನ್ನು ಗುರುತಿಸುವ ಅಮಿಗ್ಡಲ ಎಂಬ ಭಾಗ ಎಚ್ಚರಗೊಳ್ಳುತ್ತದೆ. ಯಾರಿಗೋ ಏನೋ ಆಗಿದೆ, ಓಡು, ನೋಡು. ಬ್ಲ್ಯಾಕ್ ಮೆಟಲ್ ಇದೇ ಕಿರುಚನ್ನು ತೆಗೆದುಕೊಂಡು ಸುರಕ್ಷಿತ ಜಾಗದಲ್ಲಿ ಇಡುತ್ತದೆ. ದೇಹ ಎಚ್ಚರವಾಗುತ್ತದೆ, ಆದರೆ ಅಪಾಯ ಇಲ್ಲ. ಹಾಸಿಗೆಯ ಮೇಲೆ ಮಲಗಿದ್ದೀರಿ. ಹತ್ತು ನಿಮಿಷ ಆ ಎಚ್ಚರದಲ್ಲಿದ್ದು ಹಾಡು ಮುಗಿದಾಗ ಮೈ ಸಡಿಲವಾಗುತ್ತದೆ. ನಿಮ್ಮ ನಿದ್ದೆಯ ಗುಟ್ಟಿನಲ್ಲಿ ಇದರ ಪಾಲೂ ಇರಬಹುದು.

ಅದರ ಜೊತೆಗೆ ಇನ್ನೊಂದಿದೆ. ನಮ್ಮ ಹಳ್ಳಿಗಳಲ್ಲಿ ಸಾವಾದ ಮನೆಯಲ್ಲಿ ಹೆಂಗಸರು ಹಾಡಿಕೊಂಡು ಅಳುತ್ತಿದ್ದರು. ಈಗಲೂ ಕೆಲವು ಕಡೆ ಅಳುತ್ತಾರೆ. ಸತ್ತವರನ್ನು ಕರೆದು, ಅವರ ಗುಣ ಹೇಳಿ, ಒಂದೇ ಎಳೆಯಲ್ಲಿ ದನಿ ಏರಿಸಿ ಇಳಿಸಿ ಅಳುವುದು. ಅಲ್ಲಿ ಗಂಟಲು ಬಿಟ್ಟು ಅಳಲು ಅನುಮತಿ ಇತ್ತು, ಜೊತೆಗೆ ದನಿ ಸೇರಿಸುವವರೂ ಇದ್ದರು. ಪಿಜಿಯ ಎರಡನೇ ಮಹಡಿಯಲ್ಲಿ, ಆಫೀಸಿನ ಕ್ಯಾಬ್‌ನಲ್ಲಿ ಎಲ್ಲಿ ಕಿರುಚುತ್ತೀರಿ? ನಿಮ್ಮ ಪರವಾಗಿ ಯಾರೋ ಕಿರುಚುತ್ತಿದ್ದಾರೆ. ನೀವು ಬಾಯಿ ತೆರೆಯದೆ ಅದರಲ್ಲಿ ಸೇರಿಕೊಳ್ಳುತ್ತೀರಿ.

ಆ ಕಿರುಚಿನಲ್ಲಿ ಪದಗಳು ತಿಳಿಯುವುದಿಲ್ಲ ಎಂಬುದೂ ಒಂದು ಅನುಕೂಲವೇ. ಭಾಷೆ ಬಾರದಿರುವುದು ಇದಕ್ಕೆ ಕಾರಣವಲ್ಲ. ಬೆಂಗಳೂರಿನ ‘ದ್ವೇಷ’ ತಂಡ ಕನ್ನಡದಲ್ಲೇ ಡೆತ್ ಮೆಟಲ್ ಮಾಡಿ 2014ರಲ್ಲಿ ‘ಸ್ತೂಪ’ ಎಂಬ ಆಲ್ಬಂ ತಂದಿದೆ. ಅದು ಬೇರೆ ಪ್ರಕಾರ, ದನಿ ಗರ್ಜನೆಯದು. ಆದರೂ ಮೊದಲ ಸಲ ಕೇಳುವಾಗ ಕನ್ನಡ ಬಲ್ಲ ನಮಗೂ ಎಲ್ಲ ಪದ ಸಿಗುವುದಿಲ್ಲ. ಪದ ಇಲ್ಲದಿದ್ದರೆ ಕತೆ ಇಲ್ಲ. ಕತೆ ಇಲ್ಲದಿದ್ದರೆ ದುಃಖಕ್ಕೆ ಕಾರಣವನ್ನೂ ಕೊಡಬೇಕಾಗಿಲ್ಲ. ನಮ್ಮ ಮನೆಗಳಲ್ಲಿ ಯಾರಾದರೂ ಬೇಜಾರಲ್ಲಿದ್ದರೆ ಮೊದಲ ಪ್ರಶ್ನೆ ‘ಏನಾಯ್ತು?’ ಏನೂ ಆಗಿಲ್ಲ ಎಂದರೆ, ‘ದೇವರು ಎಲ್ಲಾ ಕೊಟ್ಟಿದ್ದಾನೆ, ಇನ್ನೇನು ಬೇಕು ನಿಂಗೆ?’ ಕಾರಣ ತೋರಿಸಲಾಗದ ದುಃಖಕ್ಕೆ ನಮ್ಮಲ್ಲಿ ಮರ್ಯಾದೆ ಕಡಿಮೆ. ಈ ಸಂಗೀತ ಕಾರಣ ಕೇಳುವುದಿಲ್ಲ. ಸುಮ್ನೆ ಪಕ್ಕದಲ್ಲಿ ಇರುತ್ತದೆ.

ಸಂಶೋಧನೆಗಳು ಏನು ಹೇಳುತ್ತವೆ ಎಂದು ಅಕ್ಕ ಕೇಳಬಹುದು. ಡಿಪ್ರೆಸಿವ್ ಬ್ಲ್ಯಾಕ್ ಮೆಟಲ್‌ಗಿಂತ ಅದರ ಅಕ್ಕಪಕ್ಕದ ವಿಷಯಗಳ ಮೇಲೆ ಒಳ್ಳೆಯ ಕೆಲಸ ಆಗಿದೆ. 2014ರಲ್ಲಿ ಬರ್ಲಿನ್‌ನ ಲೀಲಾ ತರುಫಿ ಮತ್ತು ಸ್ಟೆಫಾನ್ ಕೋಲ್ಷ್ 772 ಜನರನ್ನು ದುಃಖದ ಸಂಗೀತದ ಬಗ್ಗೆ ಕೇಳಿದರು. ಅದು ಹುಟ್ಟಿಸುವ ಭಾವನೆಗಳಲ್ಲಿ ಮೊದಲ ಸ್ಥಾನ ಬಂದದ್ದು ದುಃಖಕ್ಕಲ್ಲ, ಹಳೆಯದರ ಹಂಬಲಕ್ಕೆ. ಶಾಂತಿ, ಮಮತೆ ಕೂಡ ಪಟ್ಟಿಯಲ್ಲಿದ್ದವು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಲೇಯಾ ಶರ್ಮನ್ ಮತ್ತು ಜೆನೆವೀವ್ ಡಿಂಗಲ್ 2015ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಹತ್ತಿರದ್ದು. ಮೆಟಲ್‌ನಂಥ ಬಿರುಸಿನ ಸಂಗೀತ ಇಷ್ಟಪಡುವ 39 ಜನರಿಗೆ ಮೊದಲು ಸಿಟ್ಟು ಬರುವ ಹಾಗೆ ಮಾಡಿದರು. ಆಮೇಲೆ ಕೆಲವರಿಗೆ ತಮ್ಮಿಷ್ಟದ ಸಂಗೀತ, ಉಳಿದವರಿಗೆ ಮೌನ, ಹತ್ತು ನಿಮಿಷ. ಸಂಗೀತ ಕೇಳಿದವರ ಎದೆಬಡಿತ ಇಳಿಯಲಿಲ್ಲ, ಆದರೆ ಸಿಟ್ಟು ಇಳಿಯಿತು, ಉತ್ಸಾಹ ಏರಿತು. ಆ ಸಂಗೀತ ಅವರನ್ನು ಕೆರಳಿಸಲಿಲ್ಲ, ಅವರ ಮನಸ್ಸಿನ ಬಿಸಿಗೆ ಹೊಂದಿಕೊಂಡು ಕರೆದುಕೊಂಡು ಹೋಯಿತು. ಖಿನ್ನತೆ ಇರುವವರು ದುಃಖದ ಸಂಗೀತವನ್ನೇ ಯಾಕೆ ಆರಿಸುತ್ತಾರೆ ಎಂದು ಅಮೆರಿಕದ ಸೌತ್ ಫ್ಲೋರಿಡಾ ವಿಶ್ವವಿದ್ಯಾಲಯದವರು ಕೇಳಿದಾಗ ಸಿಕ್ಕ ಉತ್ತರವೂ ಇದೇ ಜಾಡಿನದು: ಅದು ನಮ್ಮನ್ನು ಶಾಂತ ಮಾಡುತ್ತದೆ.

ಇನ್ನು ಎಚ್ಚರಿಕೆ. ಇಲ್ಲಿ ನಾನು ಬಿಗಿಯಾಗಿಯೇ ಹೇಳುತ್ತೇನೆ. ಆಸ್ಟ್ರೇಲಿಯಾದ ಸಾಂಡ್ರಾ ಗರೀಡೊ ಮತ್ತು ಎಮರಿ ಶೂಬರ್ಟ್ ಅವರ ಅಧ್ಯಯನಗಳು ಇನ್ನೊಂದು ಮುಖ ತೋರಿಸುತ್ತವೆ. ಒಂದೇ ನೋವನ್ನು ಮತ್ತೆ ಮತ್ತೆ ಮೆಲುಕು ಹಾಕುವ ಸ್ವಭಾವದವರಿಗೆ ದುಃಖದ ಸಂಗೀತ ಸಹಾಯ ಮಾಡದೇ ಇರಬಹುದು. ಕೇಳಿದ ಮೇಲೆ ಮನಸ್ಸು ಇನ್ನೂ ಕುಸಿಯಬಹುದು. ಸಂಗೀತ ಒಂದೇ, ಕೆಲಸ ಬೇರೆ. ಹಾಗಾಗಿ ಏನು ಕೇಳುತ್ತೀರಿ ಎನ್ನುವುದಕ್ಕಿಂತ ಆಲ್ಬಂ ಮುಗಿದ ಮೇಲೆ ಏನಾಗುತ್ತದೆ ಎಂಬುದನ್ನು ನೋಡಿಕೊಳ್ಳಿ. ಹೆಡ್‌ಫೋನ್ ತೆಗೆದಿಟ್ಟು ಮಲಗುತ್ತೀರಾ? ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗುವ ಮನಸ್ಸಿದೆಯಾ? ನೀವು ಬರೆದದ್ದನ್ನು ನೋಡಿದರೆ ಹೌದು ಅನಿಸುತ್ತದೆ. ಅದರ ಬದಲು ಒಂದೇ ಹಾಡನ್ನು ಬೆಳಗಿನ ಜಾವದವರೆಗೆ ತಿರುಗಿಸಿ ಕೇಳುವುದು, ಊಟ ನಿದ್ದೆ ಕೆಡುವುದು, ಮನೆಯವರ ಫೋನ್ ಎತ್ತದಿರುವುದು, ಮೊದಲು ಖುಷಿ ಕೊಡುತ್ತಿದ್ದ ಯಾವುದೂ ಬೇಡ ಅನಿಸುವುದು ಎರಡು ವಾರಕ್ಕೂ ಮೇಲೆ ನಡೆದರೆ, ಅದು ಸಂಗೀತದ ವಿಷಯವಾಗಿ ಉಳಿದಿಲ್ಲ. ವೈದ್ಯರನ್ನು ನೋಡಿ.

ಡಿಪ್ರೆಸಿವ್ ಬ್ಲ್ಯಾಕ್ ಮೆಟಲ್‌ನ ಕೆಲವು ತಂಡಗಳು ಸಾವನ್ನೇ ಬಿಡುಗಡೆ ಎಂದು ಹಾಡುತ್ತವೆ. ಕೇಳುವವರನ್ನು ಅದರತ್ತ ತಳ್ಳುವುದೇ ತಮ್ಮ ಉದ್ದೇಶ ಎಂದು ಜಂಬ ಕೊಚ್ಚಿಕೊಂಡವರೂ ಇದ್ದಾರೆ. ಮೇಹೆಮ್‌ನ ಗಾಯಕ 1991ರಲ್ಲಿ, 22ರ ವಯಸ್ಸಿನಲ್ಲಿ ಪ್ರಾಣ ಕಳೆದುಕೊಂಡದ್ದನ್ನು ಸುತ್ತಲಿನವರು ದಂತಕತೆ ಮಾಡಿ ಮಾರಿದರು. ನನಗೆ ಈ ಪ್ರಕಾರದಲ್ಲಿ ಅತ್ಯಂತ ಹೇಸಿಗೆ ತರುವ ಸಂಗತಿ ಅದು. ಅಲ್ಲಿ ಸತ್ತದ್ದು ಚಿಕ್ಕ ವಯಸ್ಸಿನ, ಸಹಾಯ ಬೇಕಾಗಿದ್ದ ಒಬ್ಬ ಹುಡುಗ. ಅದರಲ್ಲಿ ಹಿರಿಮೆ ಹುಡುಕುವ ಹಾಡು ಕೇಳಿದರೆ ಬದಿಗಿಡಿ, ಸಂಗೀತ ಎಷ್ಟೇ ಚೆನ್ನಾಗಿರಲಿ. ಯಾವತ್ತಾದರೂ ಬದುಕೇ ಬೇಡ ಎಂಬ ಯೋಚನೆ ಬಂದರೆ ಟೆಲಿ ಮಾನಸ್‌ಗೆ ಕರೆ ಮಾಡಿ. ನಂಬರ್ 14416. ಇದು ಕೇಂದ್ರ ಸರ್ಕಾರದ ಉಚಿತ ಸೇವೆ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಇದರ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ಈ ಮಾತನ್ನು ನಿಮ್ಮ ಬಗ್ಗೆ ಅನುಮಾನಪಟ್ಟು ಹೇಳುತ್ತಿಲ್ಲ. ಈ ಸಂಗೀತ ಕೇಳುವ ಎಲ್ಲರಿಗೂ ಹೇಳುತ್ತೇನೆ.

ಕಿವಿಯ ಬಗ್ಗೆಯೂ ಸ್ವಲ್ಪ. ಈ ಸಂಗೀತದಲ್ಲಿ ಶಬ್ದ ಏರುವುದು ಇಳಿಯುವುದು ಕಡಿಮೆ, ಒಂದೇ ಮಟ್ಟದಲ್ಲಿ ಸುರಿಯುತ್ತದೆ. ಕಿವಿಗೆ ಬಿಡುವು ಸಿಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ. ಅದಕ್ಕಿಂತ ಜೋರಾದರೆ ಸಮಯ ಬೇಗ ಬೇಗ ಕಡಿಮೆಯಾಗುತ್ತದೆ. ಅರ್ಧ ವಾಲ್ಯೂಮ್‌ನಲ್ಲೇ ಕೇಳಿ ನೋಡಿ. ಒಳಗಿನ ರಾಗ ಇನ್ನೂ ಚೆನ್ನಾಗಿ ಸಿಗುತ್ತದೆ.

ಅಕ್ಕನ ಪ್ರಶ್ನೆ ಉಳಿಯಿತು. ಅವರಿಗೆ ಭಯ ಆಗಿರುವುದು ನಿಮ್ಮ ಮೇಲಿನ ಪ್ರೀತಿಗೆ, ಆ ಭಯವನ್ನು ತಳ್ಳಿಹಾಕಬೇಡಿ. ‘ನಿಂಗೆ ಅರ್ಥ ಆಗಲ್ಲ’ ಎಂದು ಮಾತ್ರ ಹೇಳಬೇಡಿ. ಕೇಳಿದ ಮೇಲೆ ನಿಮಗೆ ಏನಾಗುತ್ತದೆ ಎಂಬುದನ್ನು ನನಗೆ ಬರೆದ ಹಾಗೆಯೇ ಅವರಿಗೂ ಹೇಳಿ. ಆಮೇಲೆ ಅವರು ಒಪ್ಪಿದರೆ ಉಲ್ವರ್ ತಂಡದ ‘ಬೆರ್ಗ್‌ಟಾಟ್’ ಕೇಳಿಸಿ. 1995ರದ್ದು, ಒಟ್ಟು 35 ನಿಮಿಷದ ಒಳಗೆ ಮುಗಿಯುತ್ತದೆ. ಕಾಡಿನಲ್ಲಿ ದಾರಿ ತಪ್ಪಿದ ಹುಡುಗಿಯೊಬ್ಬಳನ್ನು ಬೆಟ್ಟದೊಳಗಿನ ಜೀವಿಗಳು ಸೆಳೆದುಕೊಂಡು ಹೋಗುವ ಜನಪದ ಕತೆ ಅದು. ಬ್ಲ್ಯಾಕ್ ಮೆಟಲ್‌ನ ಬಿರುಸಿನ ಜೊತೆಗೆ ಕೊಳಲು, ಅಕೂಸ್ಟಿಕ್ ಗಿಟಾರ್, ತಿಳಿಯಾದ ಹಾಡುಗಾರಿಕೆ ಎಲ್ಲ ಇದೆ. ಹಗಲು ಹೊತ್ತು, ಸ್ಪೀಕರ್‌ನಲ್ಲಿ, ಕಡಿಮೆ ಶಬ್ದದಲ್ಲಿ ಹಾಕಿ. ಕಿರುಚು ಬಂದಾಗ ದನಿಯ ಹಿಂದೆ ಹೋಗಬೇಡ, ಗಿಟಾರ್ ಯಾವ ಕಡೆ ಹೋಗುತ್ತಿದೆ ನೋಡು ಎಂದು ಮೊದಲೇ ಹೇಳಿಡಿ. ಮುಗಿದ ಮೇಲೆ ಇಷ್ಟವಾಯ್ತಾ ಎಂದು ಕೇಳುವ ಬದಲು ಏನು ಕೇಳಿಸಿತು ಎಂದು ಕೇಳಿ.